ತೀರಿಸುವವರ ಹೆಬ್ಬೆಟ್ಟು

“ಗುರುಗಳೇ, ಮನೆಯ ಯಜಮಾನ ಸಾಲ ಮಾಡಿದರೆ ಊರೆಲ್ಲ ಆಡಿಕೊಳ್ಳುತ್ತದೆ. ರಾಜ ಸಾಲ ಮಾಡಿದರೆ ಜೈಕಾರ ಹಾಕುತ್ತದೆ. ಎರಡೂ ಸಾಲವೇ ಅಲ್ಲವೇ?” ಎಂದು ಕೇತಯ್ಯನೆಂಬ ಶಿಷ್ಯ ಕೇಳಿದ.

ಗುರು ನಕ್ಕರು. “ಸರಿಯಾದ ಕಡೆಗೇ ಕೈ ಹಾಕಿದೆ. ಕೇಳು, ನಡುವೆ ಬಾಯಿ ಹಾಕಬೇಡ.”

ಒಬ್ಬ ರಾಜನಿದ್ದ. ಅರವತ್ತು ತುಂಬಿತ್ತು. ತನ್ನ ಹೆಸರು ಉಳಿಯುವಂಥ ಒಂದು ಅಮೃತಶಿಲೆಯ ಮಂಟಪ ಕಟ್ಟಿಸಬೇಕೆಂಬ ಆಸೆ ಅವನ ತಲೆ ಹೊಕ್ಕಿತು. ಅದೇ ನಾಡಿನ ಹೊಳೆಗೆ ಸೇತುವೆ ಇರಲಿಲ್ಲ. ಪ್ರತಿ ಮಳೆಗಾಲ ದೋಣಿ ಮಗುಚಿ ಜನ ಸಾಯುತ್ತಿದ್ದರು. ಬೊಕ್ಕಸಕ್ಕೆ ಬರುವ ಕಂದಾಯ ಆಯಾ ವರ್ಷದ ಖರ್ಚಿಗೇ ಸರಿಹೋಗುತ್ತಿತ್ತು. ವರ್ತಕರು ಸಾಲ ಕೊಡಲು ಒಪ್ಪಿದರು. ಒಂದು ಕೆಲಸಕ್ಕೆ ಸಾಕಾಗುವಷ್ಟು ಹಣ, ನಲವತ್ತು ವರ್ಷದ ಕಂತು. ಮಂಟಪವೇ ಆಗಲಿ ಎಂದ ರಾಜ. ಪಾಪ, ಅವನೇನು ಕೆಟ್ಟವನಲ್ಲ. ಸಾಲವೆಂದರೆ ಬಿಟ್ಟಿ ಬಂದ ಹಣ ಎಂದುಕೊಂಡಿದ್ದ, ಅಷ್ಟೆ.

ಮುದ್ರೆ ಒತ್ತಲು ಕೈ ಎತ್ತಿದಾಗ, ಲೆಕ್ಕ ನೋಡುವ ಮುದುಕ ಕರಣಿಕ ಅಡ್ಡ ಬಂದ.

“ಕ್ಷಮಿಸಬೇಕು ಪ್ರಭು. ಈ ಅರಮನೆಯ ಪದ್ಧತಿಯಂತೆ ಸಾಲಪತ್ರದ ಮೇಲೆ ತೀರಿಸುವವರ ಹೆಬ್ಬೆಟ್ಟೇ ಬೀಳಬೇಕು.”

“ತೀರಿಸುವವನು ನಾನಲ್ಲವೇನಯ್ಯ?”

“ಕಂತು ನಲವತ್ತು ವರ್ಷದ್ದು, ಪ್ರಭು” ಎಂದ ಕರಣಿಕ. ರಾಜ ತನ್ನ ವಯಸ್ಸಿಗೆ ನಲವತ್ತು ಕೂಡಿಸಿ ನೋಡಿದ. ನೂರಾಯಿತು. ಮೂರು ತಲೆಮಾರಿನಿಂದ ಆ ನಾಡು ಸಾಲವನ್ನೇ ಮಾಡಿರಲಿಲ್ಲ, ಈ ಪದ್ಧತಿ ಇದೆಯೆಂದೂ ಅವನಿಗೆ ಗೊತ್ತಿರಲಿಲ್ಲ.

ಮುಂದೆ ಕಂತು ಕಟ್ಟಬೇಕಾದವರ ಪರವಾಗಿ, ಆ ತಿಂಗಳು ಹುಟ್ಟಿದ ಒಂದು ಮಗುವನ್ನು ಕರೆತಂದರು. ತಾಯಿ ಹೊಳೆಯಾಚೆಯವಳು. ಅವಳ ಗಂಡ ದೋಣಿಯಲ್ಲಿ ಹೋದವನು ತಿರುಗಿ ಬಂದಿರಲಿಲ್ಲ. ರಾಜ ಮಸಿ ಹಚ್ಚಲು ಮಗುವಿನ ಕೈ ಹಿಡಿದ. ಅಬ್ಬಾ, ಎಷ್ಟು ಸಣ್ಣ ಬೆರಳು! ಅವರೆಕಾಳಿನಷ್ಟು ದಪ್ಪವೂ ಇಲ್ಲ. ತಾನು ಕಣ್ಣಿಂದ ಕಾಣದ ನಲವತ್ತು ವರ್ಷವನ್ನು ಈ ಬೆರಳು ಹೊರಬೇಕು. ಈ ನಾಡಿನ ಒಡೆಯ ನಿಜಕ್ಕೂ ಯಾರೆಂದು ಅವನಿಗೆ ಆಗ ಹೊಳೆಯಿತು. ಸಿಂಹಾಸನದಿಂದ ಇಳಿದು ಆ ತಾಯಿಯ ಎದುರು ನೆಲದ ಮೇಲೆ ಕುಳಿತ.

“ತಾಯಿ, ಇವನ ಕೈಯಿಂದ ಯಾವುದಕ್ಕೆ ಸಾಲ ಬರೆಸಲಿ?”

“ಇವನು ತೀರಿಸುವ ದಿನವೂ ಇವನ ಕೆಲಸಕ್ಕೆ ಬರುವಂಥದ್ದಕ್ಕೆ ಬರೆಸಿ, ಬುದ್ಧಿ” ಎಂದಳು ಅವಳು.

ಮಂಟಪದ ನಕ್ಷೆಯನ್ನು ಮಡಿಸಿಟ್ಟರು. ಮಗುವಿನ ಹೆಬ್ಬೆಟ್ಟು ಸೇತುವೆಯ ಪತ್ರದ ಮೇಲೆ ಬಿತ್ತು. ರಾಜ ಆ ಮಸಿ ಗುರುತಿಗೆ ಕೈಮುಗಿದ.

ಇಷ್ಟು ಹೇಳಿ ಗುರು ಕಥೆ ಮುಗಿಸಿದರು. ಕೇತಯ್ಯನಿಗೆ ತಡೆಯಲಾಗಲಿಲ್ಲ.

“ತಾನು ಮಾಡದ ಸಾಲಕ್ಕೆ ಕಂತು ಕಟ್ಟುವಾಗ ಆ ಮಗುವಿಗೆ ಸಿಟ್ಟು ಬರಲಿಲ್ಲವೇ ಗುರುಗಳೇ?”

“ಕಂದಾಯದ ಜೊತೆ ಕೊನೆಯ ಕಂತನ್ನೂ ಕಟ್ಟಿ, ಅಪ್ಪನನ್ನು ನುಂಗಿದ ಹೊಳೆಯನ್ನು ಕಾಲು ನೆನೆಯದೆ ದಾಟಿ ಬಂದು, ಈಗ ನಿನ್ನ ಮುಂದೆ ಕೂತಿದ್ದೇನೆ ಕಣಪ್ಪ” ಎಂದರು ಗುರು.