ಕಿವಿಯೊಳಗಿನ ಆಗರ

ಉಪ್ಪು ಬೆಳೆಯುವ ಗದ್ದೆಗೆ ನಮ್ಮ ಕಡಲ ಕಡೆ ಒಂದು ಹೆಸರಿತ್ತು. ಅಗಳು? ಅಲ್ಲ, ಅದು ಕೋಟೆಯ ಸುತ್ತ ಇರುವುದು. ಆಗರ. ಹೌದು, ಆಗರ.

ಅಂಥದೊಂದು ಆಗರದ ಪಕ್ಕ ತಿಮ್ಮಣ್ಣ ಮಾಸ್ತರು ಸಂಗೀತ ಕಲಿಸುತ್ತಿದ್ದರು. ಒಂದು ದಿನ ಶಿಷ್ಯೆ ಮಾದೇವಿ ಬಲಗಿವಿ ಹಿಡಿದುಕೊಂಡು ಬಂದಳು.

"ಮಾಸ್ತರೇ, ನಾನಿನ್ನು ಹಾಡುವುದಿಲ್ಲ."

"ಒಳ್ಳೇದಾಯ್ತು. ಕೇರಿಯ ನಾಯಿಗಳಿಗೂ ನಿದ್ದೆ ಬೇಕು."

ಅವಳು ನಗಲಿಲ್ಲ. "ಕಿವಿ ಕಟ್ಟಿದೆ. ಒಳಗೆ ಗುಂಯ್ ಅನ್ನುತ್ತದೆ."

"ಡಾಕ್ಟರು ಏನಂದರು?"

"ಒಳಕಿವಿಯಲ್ಲಿ ಉಪ್ಪುನೀರು ಇದೆಯಂತೆ. ಆ ಉಪ್ಪನ್ನು ಅಳೆದು ಒಳಗೆ ಹೊರಗೆ ಬಿಡುವ ಬಾಗಿಲುಗಳಿವೆಯಂತೆ. ಹೆದರಿದಾಗ ಮೈಯಲ್ಲಿ ಏರುವ ಹಾರ್ಮೋನು ಆ ಬಾಗಿಲುಗಳನ್ನು ಆಡಿಸುತ್ತದಂತೆ."

"ಮಾತ್ರೆ ಕೊಡಲಿಲ್ಲವೇ?"

"ಕೊಟ್ಟರು. ತಡಮಾಡಿದರೆ ಕಿವಿ ಹೋದೀತು ಅಂದರು. ನಾನು ನುಂಗಲಿಲ್ಲ."

"ಯಾಕೆ?"

"ಅದರಲ್ಲಿರುವುದೂ ಅದೇ ಜಾತಿಯ ಹಾರ್ಮೋನಂತೆ! ಸಂಗೀತ ಕಚೇರಿಗೆ ಹೆದರಿ ಹೆದರಿಯೇ ಕಿವಿ ಹೀಗಾಯಿತು. ಕಚ್ಚಿದ ಹಾವಿನಿಂದ ಇನ್ನೊಮ್ಮೆ ಕಚ್ಚಿಸಿಕೊಳ್ಳಲೇ?"

ಮಾಸ್ತರು ಎದ್ದು ಅವಳನ್ನು ಆಗರದ ಬಾಯಿಗೆ ಕರೆದೊಯ್ದರು. ಅಲ್ಲಿ ಹೊಳೆಯ ಉಪ್ಪುನೀರನ್ನು ತಡೆಯುವ ಒಂದು ಹಲಗೆ ಇತ್ತು. ಕಡಲು ಉಕ್ಕಿ ಭರತ ಏರುವ ಹೊತ್ತು.

"ನೀರು ಬಿಡು. ನಾನು ಚಾ ಕುಡಿದು ಬರ್ತೆ."

ನೀರು ಉಕ್ಕುವುದನ್ನು ಕಂಡು ಮಾದೇವಿ ಗಾಬರಿಯಾದಳು. ಹಲಗೆಯನ್ನು ಪೂರ್ತಿ ಎಳೆದುಬಿಟ್ಟಳು. ನೀರು ನುಗ್ಗಿತು. ಮೊದಲ ಮಡಿಯಲ್ಲಿ ಕಟ್ಟಿದ್ದ ಉಪ್ಪೆಲ್ಲ ಕರಗಿಹೋಯಿತು.

ಮಾಸ್ತರು ಬಂದಾಗ ಅವಳು ಹಲಗೆಯನ್ನು ತಳದವರೆಗೆ ಇಳಿಸಿ ಅದರ ಮೇಲೆಯೇ ಕೂತಿದ್ದಳು.

"ಇನ್ನು ಒಂದು ಹನಿಯೂ ಬರುವುದಿಲ್ಲ."

"ಹಾಗಾದರೆ ಬಿಸಿಲಿಗೆ ಒಣಗಿ ಉಪ್ಪು ಕಹಿಯಾಗ್ತದೆ. ಏಳು ಮಾರಾಯ್ತಿ."

ಅವರು ಹಲಗೆಯನ್ನು ಬೆರಳಿನಷ್ಟು ಎತ್ತಿದರು. ನೀರು ತೆಳ್ಳಗೆ, ಸದ್ದಿಲ್ಲದೆ ಒಳಗೆ ಹರಿಯಿತು.

"ಉಪ್ಪನ್ನು ಕರಗಿಸಿದ್ದು ಯಾರು?"

"ಈ ನೀರು."

"ಇನ್ನು ಉಪ್ಪು ಕಟ್ಟಬೇಕಾದದ್ದು ಯಾರಿಂದ?"

"ಇದೇ ನೀರಿನಿಂದ," ಎಂದಳು ಮಾದೇವಿ. ಆಮೇಲೆ ಸೆರಗಿನ ಗಂಟು ಬಿಚ್ಚಿ, ಮಾತ್ರೆ ತೆಗೆದು, ಮಾಸ್ತರ ತಂಬಿಗೆಯ ನೀರಿನಲ್ಲಿ ನುಂಗಿದಳು.

"ಡಾಕ್ಟರು ಹೇಳಿದಷ್ಟೇ, ಹೇಳಿದ ಹೊತ್ತಿಗೇ," ಎಂದರು ಮಾಸ್ತರು.

"ಆಗಲಿ. ಆದರೆ ಕಿವಿ ತೆರೆದ ಮೇಲೂ ಹೆದರಿಕೆ ಹೋಗದಿದ್ದರೆ?"

ಅದಕ್ಕೆ ಮಾಸ್ತರು ಕೊಟ್ಟ ಉತ್ತರವನ್ನು, ಚಿತ್ಕಲಾ, ನನ್ನ ಮೊಮ್ಮಗಳೇ, ಇದ್ದ ಹಾಗೇ ಬರೆದುಕೋ:

"ಅದು ಯಾಕೆ ಹೋಗಬೇಕು? ಮುಂದಿನ ಸಾಲಿನಲ್ಲೇ ಅದಕ್ಕೊಂದು ಚಾಪೆ ಹಾಸು. ಆಮೇಲೆ ಹಾಡು ಶುರುಮಾಡು."