ಜೊಂಡುಮಡುವಿನ ಒಂಬತ್ತು ಹೊಗೆ

ಜನಗಣನೆಯ ಪಟ್ಟಿ ಆ ದಿನ ಮಧ್ಯಾಹ್ನದ ದೋಣಿಯಲ್ಲಿ ರಾಜಧಾನಿಗೆ ಹೋಗಬೇಕಿತ್ತು. ಅದನ್ನು ಒಯ್ಯಲು ಬಂದಿದ್ದ ಅರಮನೆಯ ಕರಣಿಕ ಬೊಪ್ಪಣ ಆಶ್ರಮದ ಜಗಲಿಯಲ್ಲಿ ಕಾಯುತ್ತಿದ್ದ.

ಅರಸನ ಆಜ್ಞೆ ಸ್ಪಷ್ಟವಾಗಿತ್ತು. ನಲವತ್ತು ಒಲೆಗಳಿಲ್ಲದ ಊರು ಬೆಳೆಯುವ ಊರಲ್ಲ. ಅದರ ಕಣಜವನ್ನು ಮುಚ್ಚಬೇಕು. ಜನರನ್ನು ಹೊಳೆಯಾಚೆಯ ದೊಡ್ಡ ಊರಿಗೆ ಸಾಗಿಸಬೇಕು.

ಎಣಿಕೆಯ ಹೊಣೆ ಗುರು ರುದ್ರಶಕ್ತಿಗಳ ಆಶ್ರಮದ್ದು. ಅವರ ಮುದ್ರೆ ಬಿದ್ದ ಪಟ್ಟಿಯನ್ನು ಅರಮನೆ ಮತ್ತೆ ಪರೀಕ್ಷಿಸುತ್ತಿರಲಿಲ್ಲ.

ಶಿಷ್ಯ ಬಾಚರಸ ಪಟ್ಟಿಯನ್ನು ಗುರುಗಳ ಮುಂದಿಟ್ಟ. ಇಪ್ಪತ್ತಮೂರು ಊರುಗಳು. ಕೊನೆಯದು ಜೊಂಡುಮಡು, ಜೊಂಡಿನ ಚಾಪೆ ಹೆಣೆಯುವವರ ಊರು.

“ಒಂಬತ್ತು,” ಎಂದು ಗುರುಗಳು ಓದಿದರು. “ಹೇಗೆ ಎಣಿಸಿದೆ?”

“ತಾವು ಕಲಿಸಿದಂತೆ. ಸೂರ್ಯೋದಯಕ್ಕೆ ಗುಡ್ಡದ ಮೇಲೆ ನಿಂತು ಹೊಗೆ ಎಣಿಸಿದೆ. ಮೂರು ದಿನವೂ ಒಂಬತ್ತೇ.”

“ಊರೊಳಗೆ ಹೋದೆಯಾ?”

“ಇಲ್ಲ. ಒಳಗೆ ಹೋದರೆ ಜನ ತಮಗೆ ಬೇಕಾದ ಸಂಖ್ಯೆ ಹೇಳುತ್ತಾರೆ, ಹೊಗೆ ಹಾಗೆ ಮಾಡುವುದಿಲ್ಲ ಎಂದು ತಾವೇ ಹೇಳಿದ್ದಿರಿ.”

ಹೇಳಿದ್ದು ನಿಜ. ಗುರುಗಳು ಮುದ್ರೆಗೆ ಅರಗು ಕಾಯಿಸಲು ಹೇಳಿದರು.

ಅರಗು ಕರಗುವಷ್ಟರಲ್ಲಿ ಜೊಂಡುಮಡುವಿನ ನಾಗಿಯಬ್ಬೆ ಅಂಗಳದಲ್ಲಿ ಚಾಪೆಯ ಹೊರೆ ಇಳಿಸಿದಳು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಆಶ್ರಮಕ್ಕೆ ಚಾಪೆ ತರುವವಳು ಅವಳು. ನೆರಳಿನಲ್ಲಿ ಕುಳಿತು ತನ್ನ ಗಡಿಗೆಯಿಂದ ತಂಗಳು ಅಂಬಲಿ ಸುರಿದುಕೊಂಡಳು.

ಮುದ್ರೆ ಹಿಡಿದ ಗುರುಗಳ ಕೈ ನಿಂತಿತು. ಅಂಬಲಿ ಯಾವಾಗ ಕಾಯಿಸಿದ್ದೆಂದು ಕೇಳಿದರು. ನಿನ್ನೆ ಸಂಜೆ ಎಂದಳು. ಬೆಳಗ್ಗೆ ಒಲೆ ಹಚ್ಚುವುದಿಲ್ಲವೇ ಎಂದು ಕೇಳಿದರು.

“ಬೆಳಗ್ಗೆ ನಾವು ಒಲೆ ಮುಂದೆ ಕೂತರೆ ಜೊಂಡನ್ನು ನಿಮ್ಮ ಶಿಷ್ಯರು ಬಂದು ಕೊಯ್ಯುತ್ತಾರಾ, ಸ್ವಾಮಿ? ಬಿಸಿಲೇರಿದರೆ ಅದು ಸೀಳಿಹೋಗುತ್ತದೆ. ನಸುಕಿಗೇ ಊರೆಲ್ಲ ಮಡುವಿನಲ್ಲಿರುತ್ತದೆ.”

ಹಾಗಾದರೆ ತಾನು ಕಂಡ ಒಂಬತ್ತು ಹೊಗೆ ಯಾವುವೆಂದು ಬಾಚರಸ ಕೇಳಿದ. ಅವನ ಧ್ವನಿ ಏರಿತ್ತು.

ನಾಗಿಯಬ್ಬೆ ಬೆರಳು ಮಡಿಚಿ ಎಣಿಸಿದಳು. “ಹೌದು, ಒಂಬತ್ತೇ. ಬಾಣಂತಿಯರಿರುವ ಮನೆಗಳು. ಎರೆಯುವ ನೀರು ಕಾಯಿಸಬೇಕಲ್ಲ.”



ಈ ಪಟ್ಟಿ ಹೀಗೆಯೇ ಹೋದರೆ ಅವಳ ಊರನ್ನು ಹೊಳೆಯಾಚೆಗೆ ಸಾಗಿಸುತ್ತಾರೆಂದು ಗುರುಗಳು ಅವಳಿಗೆ ತಿಳಿಸಿದರು. ಅವಳು ಅಂಬಲಿಯ ಬಟ್ಟಲನ್ನು ಕೆಳಗಿಟ್ಟಳು.

“ಆಚೆ ಜೊಂಡಿಲ್ಲ,” ಎಂದಳು. ಅಷ್ಟೇ.

ಬೊಪ್ಪಣ ಎದ್ದ. ಹೆಂಗಸಿನ ಮಾತು ಎಣಿಕೆಯಾಗದು ಎಂದ. ನಾಳೆ ಬೆಳಗ್ಗೆ ಸಭೆ. ಮುದ್ರೆ ಬೀಳದಿದ್ದರೂ ತಾನು ಅಲ್ಲಿ ಒಂಬತ್ತೆಂದೇ ಓದುವೆನೆಂದ. ಪಟ್ಟಿಯನ್ನು ಎತ್ತಿಕೊಂಡು ಹೊಳೆಯ ಮೆಟ್ಟಿಲಿಳಿದ.

ಗುರುಗಳು ಎದ್ದರು. ಊರುಗೋಲು ಹಿಡಿದು ಅವನ ಹಿಂದೆಯೇ ಇಳಿದರು. ಅವನಿಗಿಂತ ಮೊದಲು ದೋಣಿ ಹತ್ತಿ ನಡುವಿನ ಹಲಗೆಯ ಮೇಲೆ ಕುಳಿತರು.

“ಪೂಜ್ಯರು ಇಳಿಯಬೇಕು. ಹೊತ್ತಾಯಿತು.”

“ಅಂಬಿಗನಿಗೆ ಹೇಳಿ. ಇಳಿಸಲಿ.”

ಅಂಬಿಗ ಕರಣಿಕನ ಮುಖ ನೋಡಿದ, ಗುರುಗಳ ಮುಖ ನೋಡಿದ. ಬಾಗಿ ದೋಣಿಯ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.

ಗುರುಗಳು ಬಾಚರಸನನ್ನು ಕರೆದರು. “ಗುಡ್ಡಕ್ಕೆ ಹೋಗಬೇಡ. ಊರಿಗೆ ಹೋಗು. ಸಂಜೆ ಪ್ರತಿ ಒಲೆಯ ಮುಂದೆ ನಿಂತು ಎಣಿಸು.”

ಆಗಲೇ ಊರಿನ ದಾರಿ ಹಿಡಿದಿದ್ದ ನಾಗಿಯಬ್ಬೆಯ ಹಿಂದೆ ಬಾಚರಸ ಓಡಿದ.

ಬಿಸಿಲೇರಿತು. ದೋಣಿಯಲ್ಲಿ ನೆರಳಿರಲಿಲ್ಲ. ಗುರುಗಳು ನೀರನ್ನೂ ಕೇಳಲಿಲ್ಲ. ಬೊಪ್ಪಣ ಮೊದಲು ಗದರಿದ. ಅರಸನ ಸಿಟ್ಟನ್ನು ನೆನಪಿಸಿದ. ಆಮೇಲೆ ಬೇಡಿಕೊಂಡ. ಕೊನೆಗೆ ತನ್ನ ಕೊಡೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದು ನಿಂತ.

ಹೊತ್ತು ಮುಳುಗಿ ಕತ್ತಲು ಕವಿಯುವಾಗ ಬಾಚರಸ ಮರಳಿದ. ಅವನ ಕಣ್ಣುಗಳು ಹೊಗೆಗೆ ಕೆಂಪಾಗಿದ್ದವು.

“ಅರವತ್ತನಾಲ್ಕು.”

ದೋಣಿಯಲ್ಲೇ ಸಂಖ್ಯೆ ತಿದ್ದಲಾಯಿತು. ದೋಣಿಯಲ್ಲೇ ಮುದ್ರೆ ಬಿತ್ತು. ಬೊಪ್ಪಣ ಹೊಸ ಸಂಖ್ಯೆಯನ್ನು ಎರಡು ಸಲ ಓದಿ, ಇದನ್ನೇ ಓದುವೆನೆಂದ. ಬಾಚರಸ ಗುರುಗಳ ಕೈ ಹಿಡಿದು ದಡಕ್ಕೆ ಇಳಿಸಿದ. ದೋಣಿ ಹೊರಟಿತು.

ಬಾಚರಸ ಮೆಟ್ಟಿಲಿನಿಂದ ಕದಲಲಿಲ್ಲ.

“ಗುರುಗಳೇ, ಒಂದು ಪ್ರಶ್ನೆ.”

“ಕೇಳು.”

“ಮೂವತ್ತು ವರ್ಷದ ಹಿಂದಿನ ಪಟ್ಟಿಯೂ ಆಶ್ರಮದಲ್ಲಿದೆ. ಅಂದಿನ ಆಜ್ಞೆಯೂ ಇದೇ ಆಗಿತ್ತು. ಹೊಗೆ ಎಣಿಸಿದವರು ತಾವು. ಕೆಳದಂಡೆಯ ಬುಟ್ಟಿ ಹೆಣೆಯುವವರ ಊರಿಗೆ ಹನ್ನೊಂದು ಎಂದು ಬರೆದಿದ್ದೀರಿ. ಈಗ ಅಲ್ಲಿ ಊರಿಲ್ಲ.”

ಗುರುಗಳು ಹೊಳೆಯ ಕೆಳದಂಡೆಯತ್ತ ತಿರುಗಿದರು.

“ಆ ದಿನ ನಾನು ಮಧ್ಯಾಹ್ನದ ದೋಣಿಗೇ ಪಟ್ಟಿ ಕೊಟ್ಟೆ.”