ನೆಲಕ್ಕೆ ಬೀಳದ ಕಾಯಿ

"ಅರಸರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು! ತಪ್ಪಿದವರಿಗೆ ಅಮಾವಾಸ್ಯೆಯಂದು ಶೂಲ!" ಎಂದು ಹಿಮಕೂಟದ ಬೀದಿಬೀದಿಯಲ್ಲಿ ಡಂಗುರ ಸಾರಿದರು.

ಹಿಮಕೂಟದ ಅರಸ ಚಂಡವರ್ಮ ಮಹಾ ಅನುಮಾನದ ಪ್ರಾಣಿ. ಅಡುಗೆಯವನು ಉಂಡು ತೋರಿಸಿದ ಮೇಲೆ ತಾನು ಉಣ್ಣುತ್ತಿದ್ದ. ಅವನು ನಗುತ್ತಾ ಉಂಡರೆ ಅದೂ ಅನುಮಾನವೇ. ಬೆಟ್ಟದ ಮೇಲ್ಗಾಡಿನಲ್ಲಿ ಸೂಜಿಯೆಲೆಯ ಫರ್ ಮರಗಳನ್ನು ಯಾರೋ ಕಡಿದು ಹೊಳೆಯಲ್ಲಿ ಸಾಗಿಸುತ್ತಿದ್ದಾರೆಂದು ಸುದ್ದಿ ಬಂದಾಗ ಕಾಡಿಗೆ ಹೋಗಿ ನೋಡುವ ಕಷ್ಟ ತೆಗೆದುಕೊಳ್ಳಲಿಲ್ಲ. ಕಾಡುಕಾವಲಿನ ಬೈರನನ್ನು ಹಿಡಿಸಿ ಸೆರೆಗೆ ತಳ್ಳಿದ. ಅವನಿಗೂ ಅಮಾವಾಸ್ಯೆಗೇ ಶೂಲ. ಆಮೇಲೆ ಈ ಡಂಗುರ.

ಮೊದಲು ಬಂದವನು ಒಬ್ಬ ಜವಳಿ ವ್ಯಾಪಾರಿ. ಅರಸ ಕೇಳಿದ: "ಬದುಕಿರುವಾಗ ಒಂದು ಹೆಜ್ಜೆ ಇಡದು, ಸತ್ತ ಮೇಲೆ ದೇಶ ಸುತ್ತುತ್ತದೆ. ಯಾವುದು?"

"ಬೆಟ್ಟದ ಕಲ್ಲು, ಪ್ರಭು."

"ಕಲ್ಲಿಗೆ ಜೀವ ಯಾವಾಗ ಬಂತಯ್ಯಾ? ಒಳಗೆ ಹಾಕಿ ಇವನನ್ನು."

ಎರಡನೆಯವನು ಆಸ್ಥಾನದ ಪಂಡಿತ. ಮೊದಲನೆಯದನ್ನು ಹೇಗೋ ಮರವೆಂದು ಊಹಿಸಿ ದಾಟಿದ.

ಅರಸ ಮುಂದಿನದನ್ನು ಕೇಳಿದ: "ಮೊಣಕಾಲೆತ್ತರದ ಮಗು, ಆದರೆ ನನಗಿಂತ ಹಿರಿಯದು. ದೊಡ್ಡವರು ಬೀಳದ ಹೊರತು ತಲೆಯೆತ್ತದು. ಯಾರದು?"

"ಪಟ್ಟಕ್ಕೆ ಕಾದಿರುವ ಯುವರಾಜ!" ಎಂದ ಪಂಡಿತ ಉತ್ಸಾಹದಿಂದ.

ಅರಸನ ಮುಖ ಕಪ್ಪಿಟ್ಟಿತು. ಪಂಡಿತ ಸೆರೆಮನೆ ಸೇರಿದ. ಪಾಪ, ಏನೂ ಅರಿಯದ ಯುವರಾಜನ ಬಾಗಿಲಿಗೂ ಕಾವಲು ಬಿತ್ತು.

ಮರುದಿನ ಹರಕು ಕಂಬಳಿ ಹೊದ್ದ ಹುಡುಗಿಯೊಬ್ಬಳು ಸಭೆಗೆ ಬಂದಳು. "ನಾನು ಹೊನ್ನಿ, ಬೈರನ ತಂಗಿ. ಗೆದ್ದರೆ ನಮ್ಮಣ್ಣನ್ನ ಬಿಟ್ಟುಬಿಡಿ ಬುದ್ಧಿ. ಬೇರೇನೂ ಬ್ಯಾಡ."

ಅರಸ ಕಣ್ಣು ಕಿರಿದಾಗಿಸಿ ಮೊದಲ ಒಗಟು ಕೇಳಿದ.

"ಫರ್ ಮರ ಬುದ್ಧಿ. ನಿಂತಿರೋವಾಗ ಅಲ್ಲಾಡಲ್ಲ, ಊರ ಮೇಲೆ ಹಿಮ ಜಾರದಂಗೆ ತಡೀತದೆ. ಬಿದ್ದ ಮೇಲೆ ಯಾವ್ಯಾವ ದೇಶದಲ್ಲೋ ಮನೆಗೆ ತೊಲೆ, ದೋಣಿಗೆ ಹಲಗೆ, ಬರೆಯೋಕೆ ಕಾಗದ ಆಗ್ತದೆ."

ಅರಸ ಎರಡನೆಯದನ್ನೂ ಕೇಳಿದ.

"ಫರ್ ಸಸಿ. ದೊಡ್ಡ ಮರದ ನೆರಳಲ್ಲಿ ಎಷ್ಟೋ ವರ್ಷ ಕುಳ್ಳಗೇ ಕಾಯ್ತದೆ. ದೊಡ್ಡದೊಂದು ಬಿದ್ದು ಬೆಳಕು ಬಂದರೆ ಸರ್ರನೆ ಏಳ್ತದೆ. ಅದಕ್ಕೇ ಅಲ್ಲೊಂದು ಇಲ್ಲೊಂದು ಕಡಿದರೆ ಕಾಡು ಉಳೀತದೆ, ಸಾಲಾಗಿ ಬೋಳಿಸಿದರೆ ಸಸೀನೂ ಇಲ್ಲ, ಊರೂ ಇಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಅರಸ ಮುಂದಕ್ಕೆ ಬಾಗಿದ. "ಆ ಮರ ವರ್ಷ ವರ್ಷ ಕಾಯಿ ಬಿಡುತ್ತದೆ. ಮಾಗಿದ ಕಾಯಿ ಇಡಿಯಾಗಿ ನೆಲಕ್ಕೆ ಬೀಳುವುದಿಲ್ಲ. ಎಲ್ಲಿಗೆ ಹೋಗುತ್ತದೆ?"

"ಎಲ್ಲೂ ಹೋಗಲ್ಲ ಬುದ್ಧಿ. ಕೊಂಬೆ ಮೇಲೆ ನೆಟ್ಟಗೆ ನಿಂತು ಅಲ್ಲೇ ಬಿಚ್ಚಿಕೊಳ್ತದೆ. ಪಕಳೆ, ಬೀಜ ಗಾಳಿಗೆ ಉದುರ್ತವೆ. ನಡುವಿನ ಕಡ್ಡಿ ಕೊಂಬೆಯಲ್ಲೇ ಉಳೀತದೆ."

ಚಂಡವರ್ಮ ಚಪ್ಪಾಳೆ ತಟ್ಟಿದ. "ಸಿಕ್ಕಿದೆ! ಕಾಡನ್ನು ಇಷ್ಟು ಬಲ್ಲವರು ಕಳ್ಳರಲ್ಲದೆ ಮತ್ತಾರು? ಈ ಒಗಟು ಒಡ್ಡಿದ್ದೇ ಅದಕ್ಕೆ. ಅಣ್ಣನ ಪಕ್ಕದಲ್ಲೇ ಇವಳಿಗೂ ಶೂಲ ನೆಡಿ!"

ಸೋತರೂ ಶೂಲ, ಗೆದ್ದರೂ ಶೂಲ. ಅರಮನೆಯಲ್ಲಿ ಇದಕ್ಕೆ ನ್ಯಾಯವೆಂದು ಹೆಸರು. ಅಣ್ಣನನ್ನು ಬಿಡಿಸಲು ಬಂದು ತನ್ನ ಮಾತೇ ಅವನ ಮೇಲೆ ಸಾಕ್ಷಿಯಾಯಿತಲ್ಲಾ ಎಂದು ಹೊನ್ನಿ ಅತ್ತೇಬಿಟ್ಟಳು.

ಅಷ್ಟಕ್ಕೆ ಸುಮ್ಮನಿದ್ದರೆ ದಂಡನಾಯಕ ವೀರಸೇನ ಬಚಾವಾಗುತ್ತಿದ್ದ. ಆದರೆ ಅರಸನ ಮೆಚ್ಚುಗೆಗೆ ಅವನ ಬಾಯಿ ತುರಿಸಿತು. "ಪ್ರಭು, ಇವಳ ಉತ್ತರವೇ ಸುಳ್ಳು! ಮೇಲ್ಗಾಡಿನಲ್ಲಿ ಇಡೀ ಕಾಯಿಗಳು ಕೊಂಬೆ ಸಮೇತ ನೆಲದಲ್ಲಿ ರಾಶಿ ಬಿದ್ದಿರುತ್ತವೆ. ನಾನೇ ತುಳಿದುಕೊಂಡು ಓಡಾಡಿದ್ದೇನೆ."

ಹೊನ್ನಿ ಕಣ್ಣೊರೆಸಿಕೊಂಡಳು. "ಸ್ವಾಮೀ, ತುದಿಯಲ್ಲಿರೋ ಕಾಯಿ ಇಡಿಯಾಗಿ ನಿಮ್ಮ ಕಾಲಡಿಗೆ ಬರಬೇಕಾದರೆ ಮರಾನೇ ಮಲಗಿರಬೇಕು. ಮಲಗಿಸಿದ್ದು ಯಾರು?"

ವೀರಸೇನ ಮೆಲ್ಲಗೆ ಬಾಗಿಲ ಕಡೆ ಸರಿದ. ಅರಸ ಜೀವಮಾನದಲ್ಲಿ ಮೊದಲ ಬಾರಿ ಸರಿಯಾದ ಮನುಷ್ಯನ ಮೇಲೆ ಅನುಮಾನಪಟ್ಟ. ಅಂದೇ ಹೊನ್ನಿಯ ಹಿಂದೆ ಬೆಟ್ಟ ಹತ್ತಿ ನೋಡಿದರೆ ಮೇಲ್ಗಾಡಿನ ಒಂದು ಮಗ್ಗುಲ ತುಂಬ ಬರೀ ಬೊಡ್ಡೆಗಳು. ಪಕ್ಕದಲ್ಲೇ ದಂಡನಾಯಕನ ಆಳುಗಳು ಕೊಡಲಿ ಮಸೆಯುತ್ತಿದ್ದರು.

ವೀರಸೇನ ಸೆರೆಮನೆ ಸೇರಿದ. ಬೈರ, ವ್ಯಾಪಾರಿ, ಪಂಡಿತ ಮೂವರೂ ಬಿಡುಗಡೆಯಾದರು, ಯುವರಾಜನ ಬಾಗಿಲ ಕಾವಲೂ ಎದ್ದಿತು. ಕಾಡಿನ ಕಾವಲು ಅಣ್ಣತಂಗಿಯರದಾಯಿತು. "ಆದರೂ ನಿಮ್ಮನ್ನು ಹೇಗೆ ನಂಬಲಿ?" ಎಂದ ಅರಸ.

"ನಂಬಬ್ಯಾಡಿ ಬುದ್ಧಿ," ಎಂದಳು ಹೊನ್ನಿ, ಅಣ್ಣನ ಕೈ ಬಿಡದೆ. "ಬಂದು ನೋಡಿ ಹೋಗಿ."

ಅವನು ಬಂದ. ಅನುಮಾನ ತೀರದೆ ಸಾಯುವತನಕ ಬರುತ್ತಲೇ ಇದ್ದ. ಅರಸನೇ ಬಂದು ಮರ ಎಣಿಸುವ ಕಾಡಿನಲ್ಲಿ ಕೊಡಲಿ ಎತ್ತುವ ಧೈರ್ಯ ಮತ್ತೆ ಯಾರಿಗೂ ಬರಲಿಲ್ಲ.